ಸಾರಾಭಾಯಿ ಕುಳಿ: ಚಂದ್ರನ ಮೇಲಿನ ಒಂದು ಪುಟ್ಟ ಕುಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಆಗಸ್ಟ್ ತಿಂಗಳಲ್ಲಿ ಚಂದ್ರಯಾನ-2ರ ಆರ್ಬಿಟರ್ ತೆಗೆದ ಚಿತ್ರವೊಂದು ಪತ್ರಿಕೆಗಳಲ್ಲಿ ಅಚ್ಚಾಯಿತು. ಬೂದುಬಣ್ಣದ ಬಯಲಿನ ನಡುವೆ ದುಂಡನೆಯ ಹಳ್ಳ, ಪಕ್ಕದಲ್ಲಿ ‘ಸಾರಾಭಾಯಿ’ ಎಂಬ ಹೆಸರು. ಅಂದಿನಿಂದ ಈ ಕುಳಿಯ ಬಗ್ಗೆ ಒಂದಷ್ಟು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಕೆಲವು ನಿಜಕ್ಕೂ ಒಳ್ಳೆಯ ಪ್ರಶ್ನೆಗಳು. ಇನ್ನು ಕೆಲವು ತಲೆಬರಹಗಳು ಹುಟ್ಟಿಸಿದ ಗೊಂದಲಗಳು. ಎರಡಕ್ಕೂ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಲಾಗಿದೆ.

ಈ ಕುಳಿ ಚಂದ್ರನ ಮೇಲೆ ಎಲ್ಲಿದೆ?

ನಮಗೆ ಸದಾ ಕಾಣುವ ಮುಖದಲ್ಲೇ ಇದೆ. ಚಂದ್ರನ ಮೇಲಿನ ಕಪ್ಪು ಕಲೆಗಳಲ್ಲಿ ಮೇರ್ ಸೆರೆನಿಟಾಟಿಸ್ ಎಂಬುದು ಒಂದು. ಸುಮಾರು 700 ಕಿ.ಮೀ. ಅಗಲದ, ಹೆಚ್ಚುಕಡಿಮೆ ದುಂಡಗಿನ ಲಾವಾ ಬಯಲು ಅದು. ಅದರ ಪೂರ್ವಾರ್ಧದಲ್ಲಿ, ಉತ್ತರ ಅಕ್ಷಾಂಶ 24.7 ಡಿಗ್ರಿ, ಪೂರ್ವ ರೇಖಾಂಶ 21 ಡಿಗ್ರಿಯಲ್ಲಿ ಸಾರಾಭಾಯಿ ಕುಳಿ ಇದೆ. ಅಪೊಲೊ 17ರ ಗಗನಯಾತ್ರಿಗಳು 1972ರ ಡಿಸೆಂಬರ್‌ನಲ್ಲಿ ಇಳಿದ ಟಾರಸ್-ಲಿಟ್ರೊ ಕಣಿವೆಯೂ, 1973ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಲೂನಾ 21 ನೌಕೆಯು ಲೂನೊಖೋದ್ 2 ಎಂಬ ಬಂಡಿಯನ್ನು ಇಳಿಸಿದ ಲೆ ಮೊನಿಯೆ ಕುಳಿಯೂ ಇದರ ಪೂರ್ವಕ್ಕೆ 250ರಿಂದ 300 ಕಿ.ಮೀ. ದೂರದಲ್ಲಿವೆ.

ಎಷ್ಟು ದೊಡ್ಡದು?

ಅಡ್ಡಗಲ ಎಂಟು ಕಿಲೋಮೀಟರಿಗೆ ತುಸು ಕಡಿಮೆ. ಎತ್ತರಿಸಿದ ಅಂಚಿನಿಂದ ತಳದವರೆಗೆ ಆಳ ಸುಮಾರು 1.7 ಕಿ.ಮೀ. ಚಂದ್ರನ ಲೆಕ್ಕದಲ್ಲಿ ಇದು ಚಿಕ್ಕ ಕುಳಿಯೇ. ಹುಣ್ಣಿಮೆಯಲ್ಲಿ ಬಿಳಿ ಕಿರಣಗಳನ್ನು ಚೆಲ್ಲಿಕೊಂಡು ಕಾಣುವ ಟೈಕೋ ಕುಳಿಯ ಅಗಲ ಸುಮಾರು 85 ಕಿ.ಮೀ.

ಇದನ್ನು ಕಂಡುಹಿಡಿದದ್ದು ಚಂದ್ರಯಾನ-2 ಅಲ್ಲವೇ? ಹೆಸರಿಟ್ಟದ್ದು ಇಸ್ರೊ ಅಲ್ಲವೇ?

ಎರಡೂ ಅಲ್ಲ. ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಈ ಕುಳಿ ಸಾಧಾರಣ ದೂರದರ್ಶಕಕ್ಕೂ ಕಾಣುವಂಥದ್ದು. ಚಂದ್ರನ ನಕ್ಷೆ ಬರೆಯುವವರು ಇದಕ್ಕೆ ಬಹಳ ಹಿಂದೆಯೇ ಗುರುತು ಕೊಟ್ಟಿದ್ದರು. ಸಾರಾಭಾಯಿ ಎಂಬ ಹೆಸರು ಬಂದದ್ದು 1973ರಲ್ಲಿ. ಕೊಟ್ಟದ್ದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಚಂದ್ರಯಾನ-2 ಹಾರಿದ್ದು 2019ರ ಜುಲೈ 22ರಂದು. ನಡುವೆ ನಲವತ್ತಾರು ವರ್ಷಗಳ ಅಂತರವಿದೆ.

ಹಾಗಾದರೆ 2020ರಲ್ಲಿ ನಡೆದದ್ದೇನು? ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ವಿಕ್ರಂ ಸಾರಾಭಾಯಿಯವರ ಜನ್ಮಶತಮಾನೋತ್ಸವ ವರ್ಷ ಆ ಆಗಸ್ಟ್ 12ಕ್ಕೆ ಮುಗಿಯಿತು. ಆ ಸಂದರ್ಭಕ್ಕೆ ಗೌರವವಾಗಿ, ಅವರ ಹೆಸರು ಮೊದಲೇ ಹೊತ್ತಿದ್ದ ಕುಳಿಯ ಚಿತ್ರವನ್ನು ಬಿಡುಗಡೆ ಮಾಡಿದರು. ‘ಚಂದ್ರನಲ್ಲಿ ಸಾರಾಭಾಯಿ ಕುಳಿ ಪತ್ತೆ’ ಎಂಬರ್ಥದ ಶೀರ್ಷಿಕೆ ಕೊಟ್ಟವರು ಪ್ರಕಟಣೆಯ ಮೊದಲ ಪ್ಯಾರಾ ದಾಟಿ ಓದಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ. ಚಂದ್ರಯಾನ-2ರ ಕೊಡುಗೆ ಬೇರೆಯದು, ಮತ್ತು ನನ್ನ ಮಟ್ಟಿಗೆ ‘ಪತ್ತೆ’ಗಿಂತ ಹೆಚ್ಚು ಸ್ವಾರಸ್ಯದ್ದು: ಆಳ, ಇಳಿಜಾರು, ಮೂರು ಆಯಾಮದ ರೂಪ. ಅದರ ವಿವರ ಕೆಳಗಿದೆ.

ಸಾರಾಭಾಯಿ ಎನ್ನುವುದಕ್ಕೆ ಮೊದಲು ಇದರ ಹೆಸರೇನಿತ್ತು?

ಬೆಸೆಲ್ ಎ.

ನೈರುತ್ಯಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ ಬೆಸೆಲ್ ಎಂಬ ಇನ್ನೊಂದು ಕುಳಿ ಇದೆ. ಅಗಲ 16 ಕಿ.ಮೀ. ಸುತ್ತಲಿನ ಬಯಲಿನಲ್ಲಿ ಎದ್ದು ಕಾಣುವುದು ಅದೇ. 1838ರಲ್ಲಿ ಮೊದಲ ಬಾರಿಗೆ ಒಂದು ನಕ್ಷತ್ರದ ದೂರವನ್ನು ನಂಬಲರ್ಹವಾಗಿ ಅಳೆದ ಜರ್ಮನ್ ಖಗೋಳಜ್ಞ ಫ್ರೆಡ್ರಿಕ್ ಬೆಸೆಲ್ ಅವರ ಹೆಸರು ಅದಕ್ಕಿದೆ.

ದೊಡ್ಡ ಕುಳಿಗೆ ಮನುಷ್ಯರ ಹೆಸರು, ಅದರ ಆಸುಪಾಸಿನ ಪುಟ್ಟ ಕುಳಿಗಳಿಗೆ ಅದೇ ಹೆಸರಿನ ಜೊತೆ ಒಂದು ರೋಮನ್ ಅಕ್ಷರ: ಈ ಪದ್ಧತಿಯನ್ನು ನೆಲೆಗೊಳಿಸಿದವರು ಬರ್ಲಿನ್ನಿನ ವಿಲ್ಹೆಲ್ಮ್ ಬೇರ್ ಮತ್ತು ಯೋಹಾನ್ ಮ್ಯಾಡ್ಲರ್. 1834ರಿಂದ 1836ರವರೆಗೆ ಅವರು ಪ್ರಕಟಿಸಿದ ಚಂದ್ರನ ನಕ್ಷೆ ದಶಕಗಳ ಕಾಲ ಎಲ್ಲರಿಗೂ ಆಧಾರವಾಗಿತ್ತು. ಈ ಪದ್ಧತಿಯಲ್ಲಿ ಒಂದು ಜಾಣತನವಿದೆ. ನಕ್ಷೆಯಲ್ಲಿ ಅಕ್ಷರವನ್ನು ಎಲ್ಲೆಂದರಲ್ಲಿ ಬರೆಯುವುದಿಲ್ಲ; ಪುಟ್ಟ ಕುಳಿಯ ಯಾವ ಪಕ್ಕ ದೊಡ್ಡ ಕುಳಿಯ ಕಡೆಗಿದೆಯೋ ಆ ಪಕ್ಕದಲ್ಲೇ ಬರೆಯುತ್ತಾರೆ. ನಕ್ಷೆಯ ತುಂಬ ‘ಎ’ಗಳು, ‘ಬಿ’ಗಳು ಚೆಲ್ಲಿದ್ದರೂ ಯಾವುದು ಯಾರ ಪರಿವಾರಕ್ಕೆ ಸೇರಿದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ನಮ್ಮ ಕುಳಿಯ ‘ಎ’ ಅಕ್ಷರ ಅದರ ನೈರುತ್ಯದ ಮಗ್ಗುಲಲ್ಲಿ ಬರಬೇಕು. ಬೆಸೆಲ್‌ನ ಪರಿವಾರದಲ್ಲಿ ಡಿ, ಎಫ್ ಮೊದಲಾದವು ಇವತ್ತಿಗೂ ಅಕ್ಷರಗಳಾಗಿಯೇ ಉಳಿದಿವೆ. ‘ಎ’ ಮಾತ್ರ ಮನೆ ಬಿಟ್ಟು ಸ್ವಂತ ಹೆಸರು ಪಡೆಯಿತು.

ಹಳೆಯ ನಕ್ಷೆ ಅಥವಾ ಹಳೆಯ ವೀಕ್ಷಣಾ ಟಿಪ್ಪಣಿಗಳಲ್ಲಿ ಈ ಕುಳಿಯನ್ನು ಹುಡುಕುವವರು ಬೆಸೆಲ್ ಎ ಎಂದೇ ಹುಡುಕಬೇಕು.

1973ರಲ್ಲಿ ಹೆಸರು ಬದಲಾಗಲು ಕಾರಣವೇನು?

ಆ ಹೊತ್ತಿಗೆ ಚಂದ್ರನ ಕಕ್ಷೆಯಿಂದ ರಾಶಿ ರಾಶಿ ಚಿತ್ರಗಳು ಬಂದಿದ್ದವು. ಅಪೊಲೊ 15, 16 ಮತ್ತು 17ರ ಚಿತ್ರಗಳನ್ನು ಇಟ್ಟುಕೊಂಡು ಅಮೆರಿಕದವರು 1:2,50,000 ಪ್ರಮಾಣದ ನಕ್ಷೆಗಳನ್ನು ತಯಾರಿಸತೊಡಗಿದರು. ನಕ್ಷೆಯ ಪ್ರಮಾಣ ದೊಡ್ಡದಾದಷ್ಟೂ ಒಂದೊಂದು ಹಾಳೆಯೊಳಗೆ ಬರುವ ನೆಲ ಕಡಿಮೆ. ಕೆಲವು ಹಾಳೆಗಳಲ್ಲಿ ಹೆಸರಿದ್ದ ಕುಳಿಯೇ ಇರಲಿಲ್ಲ. ಹೀಗಾಗಿ 1970ರ ದಶಕದಲ್ಲಿ ಅಕ್ಷರಗಳ ಜಾಗದಲ್ಲಿ ಹೆಸರುಗಳನ್ನು ತರುವ ಕೆಲಸ ಭರದಿಂದ ನಡೆಯಿತು. 1973ರಲ್ಲಿ ಸಿಡ್ನಿಯಲ್ಲಿ ಖಗೋಳ ಒಕ್ಕೂಟದ ಮಹಾಸಭೆ ನಡೆಯಿತು. ಸಾರಾಭಾಯಿ ಹೆಸರು ಪಟ್ಟಿಗೆ ಸೇರಿದ್ದು ಆ ವರ್ಷ.

ವಿಕ್ರಂ ಸಾರಾಭಾಯಿ ತೀರಿಕೊಂಡದ್ದು 1971ರ ಡಿಸೆಂಬರ್ 30ರಂದು, ಕೇರಳದ ಕೋವಳಂನಲ್ಲಿ. ಆಗ ಅವರಿಗೆ ಕೇವಲ 52 ವರ್ಷ. ಅಂದರೆ ಅವರು ಹೋಗಿ ಎರಡು ವರ್ಷ ತುಂಬುವುದರೊಳಗೆ ಚಂದ್ರನ ಮೇಲೆ ಅವರ ಹೆಸರು ಬಂತು. ಈಗಿನ ನಿಯಮದಂತೆ ವ್ಯಕ್ತಿ ತೀರಿಕೊಂಡು ಕನಿಷ್ಠ ಮೂರು ವರ್ಷವಾದರೂ ಕಳೆದಿರಬೇಕು.

ಅಷ್ಟು ದೊಡ್ಡ ವಿಜ್ಞಾನಿಗೆ ಇಷ್ಟು ಚಿಕ್ಕ ಕುಳಿಯೇ? ಇದು ಅವಮಾನವಲ್ಲವೇ?

ಅಲ್ಲ. ಚಂದ್ರನ ಮುಂಬದಿಯ ದೊಡ್ಡ ಕುಳಿಗಳೆಲ್ಲ 17ನೆಯ ಶತಮಾನದಿಂದಲೇ ಹಂಚಿಹೋಗಿದ್ದವು. 1651ರಲ್ಲಿ ಇಟಲಿಯ ಪಾದ್ರಿ ರಿಚ್ಚೊಲಿ ಖಗೋಳಜ್ಞರ, ದಾರ್ಶನಿಕರ ಹೆಸರುಗಳನ್ನು ಕುಳಿಗಳಿಗೆ ಇಡುತ್ತ ಹೋದರು. ಇಂದಿಗೂ ಅವೇ ಬಳಕೆಯಲ್ಲಿವೆ. 1973ರಲ್ಲಿ ಬಂದವರಿಗೆ ಉಳಿದದ್ದು ಎರಡೇ ದಾರಿ: ಮುಂಬದಿಯಲ್ಲಿ ಚಿಕ್ಕ ಕುಳಿ, ಇಲ್ಲವೇ ಹಿಂಬದಿಯಲ್ಲಿ ದೊಡ್ಡ ಕುಳಿ. ಹೋಮಿ ಭಾಭಾ ಅವರದು ಹಿಂಬದಿಯಲ್ಲಿ, 60 ಕಿ.ಮೀ.ಗೂ ಅಗಲ, ಆದರೆ ಭೂಮಿಯಿಂದ ಯಾರೂ ಅದನ್ನು ಎಂದೂ ನೋಡಲಾಗದು. ಸಾರಾಭಾಯಿ ಅವರದು ಎಂಟೇ ಕಿ.ಮೀ., ಆದರೆ ಮನೆಯ ತಾರಸಿಯಿಂದ ನೋಡಬಹುದು. ಆಯ್ಕೆ ನನಗೆ ಬಿಟ್ಟರೆ ಎರಡನೆಯದೇ ಮೇಲು ಎನ್ನುತ್ತೇನೆ.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಬಾಹ್ಯಾಕಾಶ ಕಾರ್ಯಕ್ರಮ ಭಾರತಕ್ಕೇಕೆ ಎಂದು ಕೇಳಿದವರಿಗೆ ಸಾರಾಭಾಯಿ ಕೊಟ್ಟಿದ್ದ ಉತ್ತರ ಸುಪ್ರಸಿದ್ಧ. ಚಂದ್ರನನ್ನೋ ಗ್ರಹಗಳನ್ನೋ ಶೋಧಿಸುವುದರಲ್ಲಿ ಸಿರಿವಂತ ದೇಶಗಳ ಜೊತೆ ಪೈಪೋಟಿಗಿಳಿಯುವ ಭ್ರಮೆ ನಮಗಿಲ್ಲ, ಮನುಷ್ಯರ ನಿಜವಾದ ಸಮಸ್ಯೆಗಳಿಗೆ ಮುಂದುವರಿದ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಅದರ ತಿರುಳು. ಚಂದ್ರ ತಮ್ಮ ಪಟ್ಟಿಯಲ್ಲಿಲ್ಲ ಎಂದವರ ಹೆಸರನ್ನು ಚಂದ್ರ ಹೊತ್ತುಕೊಂಡಿದ್ದಾನೆ.

ವಿಕ್ರಂ ಲ್ಯಾಂಡರ್ ಬಿದ್ದದ್ದು ಈ ಕುಳಿಯಲ್ಲೇ?

ಇಲ್ಲ. ಲ್ಯಾಂಡರಿಗೆ ‘ವಿಕ್ರಂ’ ಎಂದು ಹೆಸರಿಟ್ಟದ್ದೂ ಸಾರಾಭಾಯಿ ಅವರ ನೆನಪಿಗೇ ಆದ್ದರಿಂದ ಈ ಗೊಂದಲ ಸಹಜ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಜಾಗ ದಕ್ಷಿಣ ಅಕ್ಷಾಂಶ 71 ಡಿಗ್ರಿಯ ಆಸುಪಾಸು. ತಮಾಷೆಯೆಂದರೆ ರೇಖಾಂಶ ಹತ್ತಿರ ಹತ್ತಿರ ಒಂದೇ: ಅದು 22.8 ಡಿಗ್ರಿ ಪೂರ್ವ, ಇದು 21. ಸಾರಾಭಾಯಿ ಕುಳಿಯಿಂದ ನೇರ ದಕ್ಷಿಣಕ್ಕೆ ಹೊರಟರೆ ಸುಮಾರು 2,900 ಕಿ.ಮೀ. ದಾಟಿದ ಮೇಲೆ ಅದರ ಸಮೀಪಕ್ಕೆ ಬರುತ್ತೀರಿ.

ಚಂದ್ರಯಾನ-2ಕ್ಕೆ ಮೊದಲು ಕಕ್ಷೆಯಿಂದ ಯಾರಾದರೂ ಇದರ ಚಿತ್ರ ತೆಗೆದಿದ್ದರೇ?

ಹಲವರು. ಒಂದೊಂದು ಕಾಲದ ಚಿತ್ರಕ್ಕೂ ಒಂದೊಂದು ಚಹರೆ ಇದೆ.

1967ರ ಮೇ ತಿಂಗಳಲ್ಲಿ ಅಮೆರಿಕದ ಲೂನಾರ್ ಆರ್ಬಿಟರ್ 4 ನೌಕೆ ಚಂದ್ರನ ಮುಂಬದಿಯನ್ನು ಬಹುತೇಕ ಪೂರ್ತಿಯಾಗಿ ಸೆರೆಹಿಡಿಯಿತು. ಆ ಚಿತ್ರಗಳಲ್ಲಿ ಅಡ್ಡಕ್ಕೆ ಸಾಲು ಸಾಲು ಗೆರೆಗಳು ಕಾಣುತ್ತವೆ. ಅದು ಕ್ಯಾಮೆರಾದ ದೋಷವಲ್ಲ. ನೌಕೆಯೊಳಗೆ ಇದ್ದದ್ದು ಫಿಲ್ಮ್. ಅಲ್ಲೇ, ಕಕ್ಷೆಯಲ್ಲೇ, ಅದನ್ನು ಸಂಸ್ಕರಿಸಿ, ಸೂಜಿಮೊನೆಯಷ್ಟು ಸಣ್ಣ ಬೆಳಕಿನ ಚುಕ್ಕೆಯನ್ನು ಅದರ ಮೇಲೆ ಹಾಯಿಸಿ, ಪಟ್ಟಿ ಪಟ್ಟಿಯಾಗಿ ಭೂಮಿಗೆ ರೇಡಿಯೊ ಮೂಲಕ ಕಳಿಸುತ್ತಿದ್ದರು. ಇಲ್ಲಿ ಆ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದರು. ಗೆರೆಗಳು ಆ ಜೋಡಣೆಯ ಗುರುತು. ಡಿಜಿಟಲ್ ಸಂವೇದಕ ಇಲ್ಲದ ಕಾಲದಲ್ಲಿ ಚಂದ್ರನ ಸುತ್ತ ಒಂದು ಪೂರ್ತಿ ಡಾರ್ಕ್‌ರೂಮನ್ನೇ ಹಾರಿಸಿದ್ದರು!

ಅಪೊಲೊ 15 ಮತ್ತು 17ರ ಮಾತೃನೌಕೆಗಳು ಮೇರ್ ಸೆರೆನಿಟಾಟಿಸ್ ಪ್ರದೇಶದ ಮೇಲೆ ಹಾದುಹೋಗುವಾಗ ನಕ್ಷೆ ಕ್ಯಾಮೆರಾ ಮತ್ತು ಪನೋರಮಿಕ್ ಕ್ಯಾಮೆರಾಗಳಿಂದ ಫಿಲ್ಮಿನ ಮೇಲೆ ಚಿತ್ರ ತೆಗೆದವು. ಈ ಫಿಲ್ಮ್ ರೇಡಿಯೊದಲ್ಲಿ ಬರಲಿಲ್ಲ, ಕೈಯಲ್ಲೇ ಬಂತು. ಕ್ಯಾಮೆರಾಗಳಿದ್ದ ಭಾಗ ಭೂಮಿಗೆ ಮರಳುವುದಿಲ್ಲವಾದ್ದರಿಂದ, ಅಪೊಲೊ 15ರಲ್ಲಿ ಆಲ್ಫ್ರೆಡ್ ವರ್ಡನ್, ಅಪೊಲೊ 17ರಲ್ಲಿ ರೊನಾಲ್ಡ್ ಇವಾನ್ಸ್ ಹಿಂದಿರುಗುವ ದಾರಿಯಲ್ಲಿ ನೌಕೆಯ ಹೊರಗೆ ಬಂದು ಫಿಲ್ಮಿನ ಪೆಟ್ಟಿಗೆಗಳನ್ನು ತೆಗೆದುಕೊಂಡು ಒಳಗೆ ಹೋದರು. ಅಂತರಿಕ್ಷದ ನಟ್ಟನಡುವೆ ಫಿಲ್ಮ್ ರೋಲಿಗಾಗಿ ನಡೆದಾಡಿದ ಈ ಪ್ರಸಂಗ ಸಿಗಬೇಕಾದಷ್ಟು ಪ್ರಚಾರ ಪಡೆದಿಲ್ಲ ಎಂದು ನನಗನ್ನಿಸುತ್ತದೆ.

ಆಮೇಲೆ 2007ರಲ್ಲಿ ಹಾರಿದ ಜಪಾನಿನ ಕಾಗುಯಾ, 2009ರಿಂದ ಸುತ್ತುತ್ತಿರುವ ನಾಸಾದ ಲೂನಾರ್ ರಿಕಾನೆಸನ್ಸ್ ಆರ್ಬಿಟರ್ (ಎಲ್‌ಆರ್‌ಒ) ಚಂದ್ರನ ಇಡೀ ಮೈಯನ್ನು ನಕ್ಷೆ ಮಾಡಿದವು. ಎಲ್‌ಆರ್‌ಒದ ವಿಶಾಲಕೋನದ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 100 ಮೀಟರ್. ಅದರಲ್ಲಿ ಸಾರಾಭಾಯಿ ಕುಳಿಯ ಅಗಲ ಎಪ್ಪತ್ತೈದು ಪಿಕ್ಸೆಲ್ ಅಷ್ಟೆ. ಅದೇ ನೌಕೆಯ ಕಿರುಕೋನದ ಕ್ಯಾಮೆರಾಗಳು 50 ಕಿ.ಮೀ. ಎತ್ತರದಿಂದ ಅರ್ಧ ಮೀಟರ್ ವಿವರ ಕೊಡಬಲ್ಲವು, ಆದರೆ ಎರಡೂ ಸೇರಿ ನೋಡುವ ಪಟ್ಟಿಯ ಅಗಲ 5 ಕಿ.ಮೀ. ಮಾತ್ರ. ಇಡೀ ಕುಳಿ ಒಂದೇ ಸಲಕ್ಕೆ ಅದರಲ್ಲಿ ಹಿಡಿಸುವುದಿಲ್ಲ.

ಹಾಗಾದರೆ ಚಂದ್ರಯಾನ-2ರ ಚಿತ್ರದ ವಿಶೇಷವೇನು?

ಅದನ್ನು ತೆಗೆದ ಕ್ಯಾಮೆರಾ. ಟೆರೇನ್ ಮ್ಯಾಪಿಂಗ್ ಕ್ಯಾಮೆರಾ-2 ಎಂಬ ಈ ಉಪಕರಣ 100 ಕಿ.ಮೀ. ಎತ್ತರದಿಂದ 20 ಕಿ.ಮೀ. ಅಗಲದ ಪಟ್ಟಿಯನ್ನು 5 ಮೀಟರ್ ವಿವರದಲ್ಲಿ ನೋಡುತ್ತದೆ. ಸಾರಾಭಾಯಿ ಗಾತ್ರದ ಕುಳಿಗೆ ಇದು ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಕುಳಿಯೂ, ಅದರ ಸುತ್ತಲಿನ ಬಯಲೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಕುಳಿಯ ಅಗಲಕ್ಕೇ ಸುಮಾರು 1,500 ಪಿಕ್ಸೆಲ್ ಸಿಗುತ್ತದೆ. ಅದೇ ಆರ್ಬಿಟರಿನಲ್ಲಿರುವ ಅಧಿಕ ಸ್ಪಷ್ಟತೆಯ ಇನ್ನೊಂದು ಕ್ಯಾಮೆರಾ ಕಾಲು ಮೀಟರಿನಷ್ಟು ಸಣ್ಣದನ್ನೂ ತೋರಿಸಬಲ್ಲದು, ಆದರೆ ಅದರ ಪಟ್ಟಿ 3 ಕಿ.ಮೀ. ಅಗಲ.

ಈ ಕ್ಯಾಮೆರಾ ತಯಾರಾದದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ. ಸಾರಾಭಾಯಿ 1919ರ ಆಗಸ್ಟ್ 12ರಂದು ಹುಟ್ಟಿದ್ದೂ ಅಹಮದಾಬಾದಿನಲ್ಲೇ.

1.7 ಕಿ.ಮೀ. ಆಳ ಎಂದು ಮೇಲಿನಿಂದಲೇ ಹೇಗೆ ಅಳೆದರು?

ಈ ಕ್ಯಾಮೆರಾ ಒಂದೇ ಜಾಗವನ್ನು ಮೂರು ಸಲ ನೋಡುತ್ತದೆ: 25 ಡಿಗ್ರಿ ಮುಂದಕ್ಕೆ ಓರೆಯಾಗಿ, ನೇರ ಕೆಳಗೆ, ಮತ್ತೆ 25 ಡಿಗ್ರಿ ಹಿಂದಕ್ಕೆ ಓರೆಯಾಗಿ. ಮೊದಲ ನೋಟಕ್ಕೂ ಕೊನೆಯ ನೋಟಕ್ಕೂ ನಡುವೆ ನೌಕೆ 90 ಕಿ.ಮೀ.ಗೂ ಹೆಚ್ಚು ಮುಂದೆ ಸರಿದಿರುತ್ತದೆ. ಅದಕ್ಕೆ ಬೇಕಾಗುವ ಸಮಯ ಒಂದು ನಿಮಿಷದಷ್ಟು. ಇದೊಂದು ಅನುಕೂಲ, ಏಕೆಂದರೆ ಒಂದು ನಿಮಿಷದಲ್ಲಿ ಚಂದ್ರನ ಮೇಲಿನ ಬಿಸಿಲು, ನೆರಳು ಬದಲಾಗುವುದೇ ಇಲ್ಲ.

ಓರೆಯಾಗಿ ನೋಡಿದಾಗ ಎತ್ತರದ ಜಾಗವೂ ತಗ್ಗಿನ ಜಾಗವೂ ಚಿತ್ರದಲ್ಲಿ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲ. ಸಾರಾಭಾಯಿ ಕುಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 1.7 ಕಿ.ಮೀ. ಆಳ, ಎರಡು ಕಡೆ 25 ಡಿಗ್ರಿ ಓರೆ. ಮುಂದಿನ ನೋಟಕ್ಕೂ ಹಿಂದಿನ ನೋಟಕ್ಕೂ ಹೋಲಿಸಿದರೆ, ಅಂಚಿನ ಮಟ್ಟಿಗೆ ತಳ ಸುಮಾರು 1.6 ಕಿ.ಮೀ. ಸರಿದಂತೆ ಕಾಣುತ್ತದೆ. 5 ಮೀಟರಿನ ಪಿಕ್ಸೆಲ್‌ನಲ್ಲಿ ಅದು 300 ಪಿಕ್ಸೆಲಿಗೂ ಹೆಚ್ಚು. ಈ ಸರಿತವನ್ನು ಕಂಪ್ಯೂಟರ್ ಪ್ರತಿ ಬಿಂದುವಿನಲ್ಲೂ ಅಳೆದು ಎತ್ತರವಾಗಿ ಪರಿವರ್ತಿಸುತ್ತದೆ. ಪತ್ರಿಕೆಗಳಲ್ಲಿ ಬಂದ ಮೂರು ಆಯಾಮದ ಚಿತ್ರ ಹುಟ್ಟಿದ್ದು ಹೀಗೆ.

ಇದಕ್ಕಿಂತ ಹಳೆಯ ವಿಧಾನ ನೆರಳು. ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದಾಗ 1.7 ಕಿ.ಮೀ. ಎತ್ತರದ ಅಂಚು ಸುಮಾರು 4.7 ಕಿ.ಮೀ. ಉದ್ದದ ನೆರಳು ಬೀಳಿಸುತ್ತದೆ. ಆ ಉದ್ದವನ್ನು ಅಳೆದರೆ ಎತ್ತರ ಸಿಗುತ್ತದೆ. ಆದರೆ ನೆರಳಿನ ತುದಿ ಬೀಳುವುದು ಕುಳಿಯ ಅತ್ಯಂತ ಆಳದ ಜಾಗದಲ್ಲೇ ಎಂಬ ಖಾತರಿಯಿಲ್ಲ. ಆಚೆ ಬದಿಯ ಇಳಿಜಾರನ್ನು ಏರಿಯೂ ಕೂತಿರಬಹುದು. ನೆರಳು ಒಂದೊಂದು ಬಿಂದುವಿನ ಎತ್ತರ ಕೊಡುತ್ತದೆ, ಓರೆನೋಟದ ಚಿತ್ರಗಳು ಇಡೀ ಕುಳಿಯ ರೂಪ ಕೊಡುತ್ತವೆ.

ಚಿತ್ರದ ಜೊತೆಗಿನ ಪ್ರಕಟಣೆಯಲ್ಲಿ ಗೋಡೆಯ ಇಳಿಜಾರು 25ರಿಂದ 35 ಡಿಗ್ರಿ ಎಂದಿತ್ತು. ಹಾಗೆಂದರೆ ಏನರ್ಥ?

ಕುಳಿಯ ಒಳಗೋಡೆ ನಿಲ್ಲಬಹುದಾದಷ್ಟು ಕಡಿದಾಗಿಯೇ ನಿಂತಿದೆ ಎಂದರ್ಥ. ಸಡಿಲವಾದ ಕಲ್ಲುಪುಡಿಯ ರಾಶಿ 30ರಿಂದ 35 ಡಿಗ್ರಿಗಿಂತ ಹೆಚ್ಚು ಕಡಿದಾಗಿ ನಿಲ್ಲಲಾರದು, ಜಾರುತ್ತದೆ. ಗುರುತ್ವ ಆರರಲ್ಲೊಂದು ಪಾಲು ಮಾತ್ರ ಇರುವ ಚಂದ್ರನಲ್ಲೂ ಈ ಮಿತಿ ಹೆಚ್ಚು ಬದಲಾಗುವುದಿಲ್ಲ. ಕೋಟ್ಯಂತರ ವರ್ಷಗಳ ಸಣ್ಣಪುಟ್ಟ ಹೊಡೆತಗಳಿಂದ ಹಳೆಯ ಕುಳಿಗಳ ಗೋಡೆ ಸವೆದು, ಅಂಚು ತಗ್ಗಿ, ತಳ ತುಂಬುತ್ತದೆ. ಸಾರಾಭಾಯಿಯಲ್ಲಿ ಆ ಸವೆತ ಅಷ್ಟಾಗಿ ಕಾಣದು. ಇಳಿಜಾರು ಕಡಿಮೆ ಇರುವ ತಳವನ್ನೂ ಸೇರಿಸಿ, ಅಂಚಿನಿಂದ ನಡುಮಧ್ಯದವರೆಗಿನ ಸರಾಸರಿ ಇಳಿಜಾರು ಲೆಕ್ಕ ಹಾಕಿದರೆ 24 ಡಿಗ್ರಿಯ ಆಸುಪಾಸು ಬರುತ್ತದೆ.

ನನಗೆ ಫೋಟೋದಲ್ಲಿ ಇದು ಹಳ್ಳವಲ್ಲ, ಉಬ್ಬಿದ ಗುಡ್ಡ ಎನಿಸುತ್ತದೆ. ಕಣ್ಣಿನ ತೊಂದರೆಯೇ?

ಕಣ್ಣಿನದಲ್ಲ, ಮಿದುಳಿನ ಅಭ್ಯಾಸದ್ದು. ಬೆಳಕು ಮೇಲಿನಿಂದ ಬರುತ್ತದೆ ಎಂದು ಮಿದುಳು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಚಂದ್ರನ ಚಿತ್ರಗಳಲ್ಲಿ ಬೆಳಕು ಎಡದಿಂದಲೋ ಬಲದಿಂದಲೋ, ಕೆಲವೊಮ್ಮೆ ಕೆಳಗಿನಿಂದಲೋ ಬರುತ್ತದೆ. ಆಗ ಹಳ್ಳ ಗುಡ್ಡವಾಗುತ್ತದೆ, ಗುಡ್ಡ ಹಳ್ಳವಾಗುತ್ತದೆ. ಚಿತ್ರವನ್ನು ತಿರುಗಿಸಿ ನೋಡಿ, ಬೆಳಗಿದ ಗೋಡೆ ಕೆಳಗೂ ನೆರಳಿನ ಗೋಡೆ ಮೇಲೂ ಬರುವಂತೆ ಹಿಡಿಯಿರಿ. ತಟ್ಟನೆ ಹಳ್ಳವಾಗುತ್ತದೆ. ಒಮ್ಮೆ ಹಾಗೆ ಕಂಡ ಮೇಲೆ ಮತ್ತೆ ತಿರುಗಿಸಿದರೂ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಬೆಳಕು ಯಾವ ಕಡೆಯಿಂದ ಎಂದು ಹೇಳದೆ ಚಂದ್ರನ ಚಿತ್ರ ಪ್ರಕಟಿಸುವವರು ಓದುಗರಿಗೆ ಇಷ್ಟು ಕಷ್ಟ ಕೊಡಬಾರದು.

ಈ ಕುಳಿ ಹುಟ್ಟಿದ್ದು ಹೇಗೆ?

ಉಲ್ಕಾಕಾಯವೊಂದು ಅಪ್ಪಳಿಸಿ. ಇಷ್ಟು ದೊಡ್ಡ ಹಳ್ಳ ತೋಡಲು ಕೆಲವು ನೂರು ಮೀಟರ್ ಗಾತ್ರದ ಬಂಡೆ ಸಾಕು, ಏಕೆಂದರೆ ಅದು ಬರುವ ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್. ಚಂದ್ರನಲ್ಲಿ ಸುಮಾರು 15 ಕಿ.ಮೀ.ಗಿಂತ ಕಡಿಮೆ ಅಗಲದ ಕುಳಿಗಳು ‘ಸರಳ ಕುಳಿ’ಗಳ ಜಾತಿಗೆ ಸೇರುತ್ತವೆ: ನಡುವೆ ಶಿಖರವಿಲ್ಲ, ಗೋಡೆಯಲ್ಲಿ ಮೆಟ್ಟಿಲುಗಳಿಲ್ಲ, ಆಳ ಅಗಲದ ಐದನೆಯ ಒಂದು ಭಾಗದಷ್ಟು. ಸಾರಾಭಾಯಿ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ.

ಸುತ್ತಲಿನ ಲಾವಾ ಬಯಲಿನ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಕುಳಿ ಆ ಬಯಲನ್ನು ಒಡೆದುಕೊಂಡು ಹುಟ್ಟಿದೆ, ಲಾವಾ ಅದರೊಳಗೆ ನುಗ್ಗಿಲ್ಲ. ಆದ್ದರಿಂದ ಅದು ಬಯಲಿಗಿಂತ ಕಿರಿಯದು.

ಅದೇ ಬಯಲಿನಲ್ಲಿ ನೋಡುವಂಥದ್ದು ಇನ್ನೇನಿದೆ?

ಒಂದನ್ನು ಹೇಳದೆ ಬಿಡಲಾಗದು: ಲಿನ್ನೆ. ಸಾರಾಭಾಯಿಯಿಂದ ಪಶ್ಚಿಮಕ್ಕೆ ಸುಮಾರು 270 ಕಿ.ಮೀ. ದೂರದಲ್ಲಿರುವ, 2.2 ಕಿ.ಮೀ. ಅಗಲದ ಪುಟಾಣಿ ಕುಳಿ. ಗಿಡ, ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಅವರ ಹೆಸರು.

1866ರಲ್ಲಿ ಅಥೆನ್ಸ್ ವೀಕ್ಷಣಾಲಯದ ಯೂಲಿಯಸ್ ಶ್ಮಿಟ್ ಈ ಕುಳಿ ಮಾಯವಾಗಿದೆ ಎಂದು ಸಾರಿದರು. ಮ್ಯಾಡ್ಲರ್ ಮೊದಲಾದವರು ಆಳವಾದ, ಹಲವು ಕಿಲೋಮೀಟರ್ ಅಗಲದ ಕುಳಿ ಎಂದು ಬರೆದಿದ್ದ ಜಾಗದಲ್ಲಿ ಈಗ ಬರೀ ಬೆಳ್ಳನೆಯ ಮಚ್ಚೆ ಇದೆ ಎಂದರು. ಶ್ಮಿಟ್ ಸಾಮಾನ್ಯರಲ್ಲ, ಮುಂದೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕುಳಿಗಳಿರುವ ಚಂದ್ರನ ನಕ್ಷೆ ಪ್ರಕಟಿಸಿದವರು. ಹಾಗಾಗಿ ಯೂರೋಪಿನ ದೂರದರ್ಶಕಗಳೆಲ್ಲ ಲಿನ್ನೆಯ ಕಡೆ ತಿರುಗಿದವು. ಚಂದ್ರ ಸತ್ತ ಲೋಕವೋ, ಇನ್ನೂ ಬದಲಾಗುತ್ತಿದೆಯೋ ಎಂಬ ವಾಗ್ವಾದ ವರ್ಷಗಟ್ಟಲೆ ನಡೆಯಿತು.

ಅದನ್ನು ಇತ್ಯರ್ಥ ಮಾಡಿದ್ದು ಕಕ್ಷೆಯ ಚಿತ್ರಗಳು. ಲೂನಾರ್ ಆರ್ಬಿಟರ್ ಮತ್ತು ಅಪೊಲೊ ಚಿತ್ರಗಳಲ್ಲಿ ಕಂಡದ್ದು ಎಳೆಯ, ಚೂಪಾದ ಪುಟ್ಟ ಕುಳಿ, ಸುತ್ತ ಚೆಲ್ಲಿದ ಬಿಳಿಯ ಪ್ರಭಾವಲಯ. ಬಿಸಿಲು ನೆತ್ತಿಗೇರಿದಾಗ ಭೂಮಿಯಿಂದ ಕಾಣುವುದು ವಲಯ ಮಾತ್ರ. ಕುಳಿ ಎಲ್ಲಿಗೂ ಹೋಗಿರಲಿಲ್ಲ. ಅಂದಿನ ದೂರದರ್ಶಕಗಳ ಸಾಮರ್ಥ್ಯದ ಅಂಚಿನಲ್ಲಿ ಕಣ್ಣುಮುಚ್ಚಾಲೆ ಆಡಿತ್ತು. ಎಲ್‌ಆರ್‌ಒ ಅಳತೆಗಳು ಇನ್ನೊಂದು ಅಚ್ಚರಿ ಸೇರಿಸಿದವು: ಲಿನ್ನೆಯ ಆಕಾರ ಬೋಗುಣಿಯದಲ್ಲ, ತಲೆಕೆಳಗಾದ ಶಂಕುವಿನದು.

ಸಾರಾಭಾಯಿ ಕುಳಿಯನ್ನು ಭೂಮಿಯಿಂದ ನೋಡಬಹುದೇ? ಯಾವಾಗ?

ಬರಿಗಣ್ಣಿಗೂ ಬೈನಾಕ್ಯುಲರಿಗೂ ಆಗದು. 80ರಿಂದ 100 ಮಿ.ಮೀ. ಮಸೂರದ ದೂರದರ್ಶಕದಲ್ಲಿ ನೂರು ಪಟ್ಟಿನ ವರ್ಧನೆ ಇದ್ದರೆ ಸಾಕು. ಅಲ್ಲಿಂದ ಇಲ್ಲಿಗೆ ಕಾಣುವ ಅದರ ಗಾತ್ರ ಸುಮಾರು ನಾಲ್ಕು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡ್).

ಮುಖ್ಯವಾದದ್ದು ದಿನ. ಹುಣ್ಣಿಮೆಯಂದು ಹುಡುಕಬೇಡಿ, ನೆರಳೇ ಇರುವುದಿಲ್ಲ. ಹಗಲು ರಾತ್ರಿಗಳ ಗಡಿರೇಖೆ ಕುಳಿಯ ಹತ್ತಿರ ಹಾದುಹೋಗಬೇಕು. ಶುಕ್ಲಪಕ್ಷದ ಷಷ್ಠಿಯ ಹೊತ್ತಿಗೆ ಅಲ್ಲಿ ಸೂರ್ಯೋದಯ. ಷಷ್ಠಿ, ಸಪ್ತಮಿಯ ಸಂಜೆಗಳಲ್ಲಿ ಕುಳಿ ಅರ್ಧಕ್ಕರ್ಧ ಕಪ್ಪಾಗಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಸೂರ್ಯಾಸ್ತ ಕೃಷ್ಣಪಕ್ಷದ ಷಷ್ಠಿಯ ಸುಮಾರಿಗೆ. ಅದಕ್ಕಿಂತ ತುಸು ಮೊದಲು, ಪಂಚಮಿಯ ತಡರಾತ್ರಿ ನೋಡಿ. ಚಂದ್ರನ ತೊನೆದಾಟದಿಂದ ಅರ್ಧ ದಿನ ಆಚೀಚೆ ಆಗಬಹುದು. ಬಯಲಿನ ದಕ್ಷಿಣ ಭಾಗದಲ್ಲಿ ಮೊದಲು ಬೆಸೆಲ್ ಹಿಡಿಯಿರಿ, ಅಲ್ಲಿಂದ ಈಶಾನ್ಯಕ್ಕೆ ಬೆಸೆಲ್‌ನ ಏಳೆಂಟು ಪಟ್ಟು ಅಗಲದಷ್ಟು ಸರಿಯಿರಿ. ದೂರದರ್ಶಕ ಚಿತ್ರವನ್ನು ತಲೆಕೆಳಗು ಮಾಡುತ್ತದೆಯೋ ಎಡಬಲ ಮಾಡುತ್ತದೆಯೋ ಎಂದು ಮೊದಲೇ ನೋಡಿಕೊಂಡಿರಿ.

ಭಾರತೀಯರ ಹೆಸರಿನ ಬೇರೆ ಕುಳಿಗಳು ಯಾವುವು?

ಭಾಭಾ ಬಗ್ಗೆ ಆಗಲೇ ಹೇಳಿದೆ. ಜಗದೀಶ್ ಚಂದ್ರ ಬೋಸ್, ಶಿಶಿರ್ ಕುಮಾರ್ ಮಿತ್ರ, ಕಲ್ಪನಾ ಚಾವ್ಲಾ ಅವರ ಕುಳಿಗಳೂ ಹಿಂಬದಿಯಲ್ಲಿವೆ. ಮುಂಬದಿಯಲ್ಲಿ ಸಿ.ವಿ. ರಾಮನ್ ಇದ್ದಾರೆ, ಅದು ಹಿಂದೆ ಹೆರೊಡೋಟಸ್ ಡಿ ಆಗಿತ್ತು. ಮೇರ್ ಟ್ರಾಂಕ್ವಿಲಿಟಾಟಿಸ್ ಎಂಬ ಇನ್ನೊಂದು ಲಾವಾ ಬಯಲಿನಲ್ಲಿ ಆರ್ಯಭಟ ಇದೆ, ಹಿಂದಿನ ಮ್ಯಾಸ್ಕೆಲಿನ್ ಇ. ಲಾವಾ ನುಗ್ಗಿ ಅದರ ಅರ್ಧ ಅಂಚು ಮುಳುಗಿಹೋಗಿದೆ.

ಇವರ ಜೊತೆಗೆ ಬರೀ ‘ರವಿ’ ಎಂಬ ಕುಳಿಯೂ ಇದೆ! ಅಲ್ಫೋನ್ಸಸ್ ಎಂಬ ದೊಡ್ಡ ಕುಳಿಯೊಳಗೆ, ಎರಡು ಮೂರು ಕಿಲೋಮೀಟರ್ ಅಗಲದ್ದು. ಇದು ಯಾವ ರವಿಯ ನೆನಪಿಗೂ ಇಟ್ಟದ್ದಲ್ಲ. ಮೇಲೆ ಹೇಳಿದ ನಕ್ಷೆಯ ಹಾಳೆಗಳಿಗಾಗಿ ಪುಟಾಣಿ ಕುಳಿಗಳಿಗೆ ಬೇರೆ ಬೇರೆ ನಾಡಿನ ಸಾಮಾನ್ಯ ಹೆಸರುಗಳನ್ನು ಇಡುವ ಪದ್ಧತಿ ಬಂತು. ಹಾಗೆ ನಮ್ಮ ಪಾಲಿಗೆ ಸಿಕ್ಕಿದ್ದು ರವಿ. ಚಂದ್ರನ ಮೇಲೆ ಸೂರ್ಯನ ಹೆಸರು ಇಟ್ಟಿದ್ದೇವೆಂದು ಆ ಸಮಿತಿಗೆ ಹೊಳೆದಿತ್ತೋ ಇಲ್ಲವೋ.

ಕುಳಿಯಲ್ಲದಿದ್ದರೂ ಸೇರಿಸಬೇಕಾದ್ದು: 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಜಾಗದ ‘ಶಿವಶಕ್ತಿ’ ಹೆಸರಿಗೆ 2024ರ ಮಾರ್ಚ್ 19ರಂದು ಖಗೋಳ ಒಕ್ಕೂಟದ ಒಪ್ಪಿಗೆ ಸಿಕ್ಕಿತು.

ಹೆಸರಿಡಲು ನಿಯಮಗಳೇನು? ನಾನೊಂದು ಹೆಸರು ಸೂಚಿಸಬಹುದೇ?

ಸೂಚಿಸಬಹುದು, ಆದರೆ ಸಿಗುವ ಸಾಧ್ಯತೆ ಕಡಿಮೆ. ಒಕ್ಕೂಟದ ನಾಮಕರಣ ಸಮಿತಿ ಹೆಸರು ಕೊಡುವುದು ವಿಜ್ಞಾನಿಗಳಿಗೆ ಆ ಜಾಗದ ಬಗ್ಗೆ ಬರೆಯಲು, ಮಾತನಾಡಲು ಅಗತ್ಯ ಬಿದ್ದಾಗ. ವ್ಯಕ್ತಿ ಬದುಕಿರಬಾರದು. 19ನೆಯ ಶತಮಾನದಿಂದೀಚಿನ ರಾಜಕೀಯ, ಸೈನಿಕ, ಧಾರ್ಮಿಕ ವ್ಯಕ್ತಿಗಳ ಹೆಸರು ಸಲ್ಲದು. 100 ಮೀಟರಿಗಿಂತ ಚಿಕ್ಕದಕ್ಕೆ ವಿಶೇಷ ಕಾರಣವಿಲ್ಲದೆ ಹೆಸರಿಲ್ಲ.

ಹಣ ಕೊಟ್ಟು ಕುಳಿಗೆ ಹೆಸರಿಡಿಸುವ ಪ್ರಮಾಣಪತ್ರಗಳು?

ಗೋಡೆಗೆ ತೂಗುಹಾಕಬಹುದು. ಬೇರೆ ಯಾವ ಬೆಲೆಯೂ ಇಲ್ಲ.

ಮೂಲ ಚಿತ್ರಗಳನ್ನು ನಾನೇ ನೋಡಬೇಕೆಂದರೆ?

ಚಂದ್ರಯಾನ-2ರ ದತ್ತಾಂಶವನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಸಂಗ್ರಹಿಸಿಡುತ್ತದೆ. ‘ಪ್ರದಾನ್’ ಎಂಬ ಅದರ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಪಡೆಯಬಹುದು. ಕಡತಗಳು ದೊಡ್ಡವು, ವೈಜ್ಞಾನಿಕ ನಮೂನೆಯವು, ಮೊಬೈಲ್‌ನಲ್ಲಿ ತೆರೆಯುವಂಥವಲ್ಲ. ಸುಮ್ಮನೆ ನೋಡಿಬರಬೇಕು ಎನ್ನುವವರಿಗೆ ಎಲ್‌ಆರ್‌ಒ ತಂಡದ ಕ್ವಿಕ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆ ಸುಲಭ. ಅದರಲ್ಲಿ 24.7 ಉತ್ತರ, 21 ಪೂರ್ವಕ್ಕೆ ಹೋಗಿ, ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ನೆಲದ ಏರಿಳಿತದ ನಕಾಶೆ ಬರುತ್ತದೆ. ಗೆರೆಯನ್ನು ಕುಳಿಯ ಅಂಚಿನಿಂದ ಒಂದೆರಡು ಕಿಲೋಮೀಟರ್ ಹೊರಗಿನಿಂದಲೇ ಶುರುಮಾಡಿ. ಬಯಲಿನ ಮಟ್ಟಕ್ಕಿಂತ ಅಂಚು ಎಷ್ಟು ಎದ್ದಿದೆ ಎಂಬುದೂ ಆಗ ಕಾಣುತ್ತದೆ, 1.7 ಕಿ.ಮೀ. ಎಂಬ ಅಳತೆ ಆ ಎದ್ದ ಅಂಚಿನಿಂದ ಹಿಡಿದದ್ದೇ ಹೊರತು ಸುತ್ತಲಿನ ಬಯಲಿನಿಂದಲ್ಲ.